ತೊಟ್ಟಿಲ ಕೊಂಡಿಗೆ ಬೈಕು

ಹಲೋ… ಹಲೋ, ಯಾರು ಮಾತಾಡೋದು? ಗುರುಸ್ವಾಮಿ ಗ್ಯಾರೇಜಾ? ಹೊನ್ನಾಳೀದು?

… ಹಾಂ, ದುರುಗಕ್ಕನಾ? ನಾನಮ್ಮ, ನ್ಯಾಮತಿಯಿಂದ ವಿರೂಪಾಕ್ಷಪ್ಪ ಮೇಷ್ಟ್ರು. ನಿಮ್ಮ ಯಜಮಾನ್ರಿಗೆ ಹೈಸ್ಕೂಲಲ್ಲಿ ಸೈನ್ಸ್ ಪಾಠ ಮಾಡಿದೋನು. ಹಾಂ, ಅದೇ, ಕೆಂಪು ದೊಡ್ಡ ಗಾಡಿಯೋರು. ಗುರುಸ್ವಾಮಿ ಅದಾನಾ?

… ಇಲ್ವಾ? ಚನ್ನಗಿರಿಗೆ ಹೋಗ್ಯಾನಾ? ಯಾವಾಗ ಬರ್ತಾನೆ?

… ಗೊತ್ತಿಲ್ವಾ. ಹಂಗಾದ್ರೆ ದುರುಗಕ್ಕ, ಈಗ ಹಿಂದಿನಿಂದ ಯಾರೋ "ಇಲ್ಲ ಅನ್ನು, ಇಲ್ಲ ಅನ್ನು" ಅಂದ್ರಲ್ಲ, ಅದು ಯಾರು? ಆ ದನಿ ನನಗೆ ಗೊತ್ತಮ್ಮ. ಹಾಜರಿ ಕೂಗಿದಾಗ ಪಕ್ಕದೋನ ಹೆಸರಿಗೂ "ಪ್ರೆಸೆಂಟ್ ಸಾರ್" ಅಂತಿದ್ದ ದನಿ ಅದು. ಇವತ್ತು ತನ್ನ ಹೆಸರಿಗೇ ಆಬ್ಸೆಂಟ್ ಹಾಕಿಸ್ತಾನೆ.

… ಕೊಡ್ತೀಯಾ? ಪುಣ್ಯ ಬರ್ತೈತೆ ತಾಯಿ.

… ಹಲೋ, ಗುರುಸ್ವಾಮಿ? ಚನ್ನಗಿರಿಯಿಂದ ಬೇಗ ಬಂದ್ಯಲ್ಲೋ.

… ಇಡಬೇಡ! ಫೋನ್ ಇಡಬೇಡ ಮಾರಾಯ, ತಮಾಷೆ ಮಾಡಿದೆ. ನನಗೆ ಚಾರ್ಜ್ ಬೇರೆ ಹನ್ನೆರಡು ಪರ್ಸೆಂಟ್ ಐತೆ, ಬೆಳಿಗ್ಗೆಯಿಂದ ಕರೆಂಟಿಲ್ಲ. ಈ ಫೋನ್ ಸತ್ತರೆ ನಾನೂ ಸತ್ತಂಗೆ.

… ಹಾಂ, ಮೂರು ತಿಂಗಳಾತು ಮಾತಾಡಿ. ಗೊತ್ತೈತೆ.

… ಗೊತ್ತೈತಪ್ಪಾ, ನಾನೇ ಅಂದಿದ್ದು. "ಸೈನ್ಸಲ್ಲಿ ನೂರಕ್ಕೆ ಹದಿನೆಂಟು ತಗಂಡೋನು ನನಗೆ ಸ್ಪ್ರಿಂಗ್ ಪಾಠ ಮಾಡ್ತೀಯಾ" ಅಂತ. ಹೌದು, ಗಿರಾಕಿಗಳ ಮುಂದೇನೇ. ಆರು ಜನ ಇದ್ರಾ? ನಾನು ನಾಲ್ಕು ಅಂದ್ಕಂಡಿದ್ದೆ. ನೀನೇನು ತಪ್ಪು ಮಾತಾಡಿದ್ದೆ ಆವತ್ತು? "ಸಾರ್, ಬ್ರೇಕ್ ಹಿಡಿದ್ರೆ ನಿಮ್ಮ ಗಾಡಿ ಮುಂದೆ ಕುಸೀತೈತೆ, ಸ್ಪ್ರಿಂಗ್ ಮೆತ್ತಗಿದಾವೆ, ಬಿಟ್ಟು ಹೋಗ್ರಿ, ನಾನು ಬದಲಾಯಿಸ್ತೀನಿ" ಅಂದೆ. ಅಷ್ಟೇ. ಅಷ್ಟಕ್ಕೇ ನಾನು ನಿನ್ನ ಅಂಕಪಟ್ಟಿ ತೆಗೆದೆ.

… ತಪ್ಪಾತು ಅಂತ ಹೇಳಾಕೇ ಫೋನ್ ಮಾಡಿದ್ದು.

… ಬರೀ ಅದಕ್ಕೇನಾ ಅಂದ್ರೆ… ಬರೀ ಅದಕ್ಕಲ್ಲ. ನಿನ್ನತ್ರ ಸುಳ್ಳು ಯಾಕೆ? ಗಾಡಿ ಮುಂದಿನ ಚಕ್ರ ಹಿಡಿದಿರೋ ಎರಡೂ ಫೋರ್ಕ್ ಬಿಚ್ಚಿ ಕೂತೀನಿ.

… ಹಾಂ, ನಾನೇ. ಚಕ್ರ ಒಂದು ಕಡೆ, ಮಡ್‌ಗಾರ್ಡ್ ಒಂದು ಕಡೆ, ಫೋರ್ಕಿನ ಕೊಳವೆ ಎರಡೂ ಚಾಪೆ ಮೇಲೆ ಮಲಗ್ಯಾವೆ, ಬಾಣಂತಿ, ಮಗು ಮಲಗಿದಂಗೆ.

… ಯಾರು ಹೇಳಿಕೊಟ್ರು ಅಂದ್ರೆ, ಯೂಟ್ಯೂಬು. ಹನ್ನೊಂದು ನಿಮಿಷದ ವಿಡಿಯೋ ಕಣೋ. ಅವನು ಹನ್ನೊಂದು ನಿಮಿಷದಲ್ಲಿ ಬಿಚ್ಚಿ, ಹೊಸ ಸ್ಪ್ರಿಂಗ್ ಹಾಕಿ, ಆಯಿಲ್ ತುಂಬಿ, ತಿರುಗಿ ಕೂರಿಸಿ, ಕೈ ಒರೆಸಿಕೊಂಡು ಟೀ ಕುಡಿದ. ನನಗೆ ಇವತ್ತು ನಾಲ್ಕನೇ ದಿನ. ಟೀ ಮಾತ್ರ ಅವನಿಗಿಂತ ಜಾಸ್ತಿ ಕುಡಿದೀನಿ.

… ನಗು, ನಗು. ನಗೋ ಹಕ್ಕು ನಿನಗೈತೆ.

… ಬೋಲ್ಟ್, ನಟ್ಟು? ಅದನ್ನೆಲ್ಲ ಅಚ್ಚುಕಟ್ಟಾಗಿ ಇಟ್ಟೀನಪ್ಪಾ. ನಾಳೆ ಊಟಕ್ಕೆ ಅಂತ ತಂದ ಬಾಳೆಎಲೆ ಇದ್ವು. ಒಂದು ಎಲೆ ಹಾಸಿ ಸಾಲಾಗಿ ಬಡಿಸೀನಿ. ಉಪ್ಪಿನ ಜಾಗದಲ್ಲಿ ವಾಷರು, ಪಲ್ಯದ ಜಾಗದಲ್ಲಿ ಬ್ರೇಕಿನ ಬೋಲ್ಟು, ಅನ್ನ ಬಡಿಸೋ ಕಡೆ ಚಕ್ರದ ಆಕ್ಸಲ್ಲು. ಯಾವ ಕ್ರಮದಲ್ಲಿ ಬಿಚ್ಚಿದೆ ಅಂತ ಮರೀಬಾರದಲ್ಲ. ಕೋಸಂಬರಿ ಜಾಗದಲ್ಲಿರೋ ಎರಡು ಸಾಮಾನು ಎಲ್ಲಿಂದ ಬಂದ್ವೋ ಅದೊಂದು ಗೊತ್ತಿಲ್ಲ.

… ಈಗಿನ ತೊಂದರೆ ಏನಂದ್ರೆ, ಕೊಳವೆ ತಲೆ ಮೇಲಿನ ಮುಚ್ಚಳ ಬಿಚ್ಚಾಕೆ ಬರ್ತಿಲ್ಲ. ಅದು ಬಿಚ್ಚದೆ ಹಳೇ ಸ್ಪ್ರಿಂಗ್ ಹೊರಗೆ ಬರಲ್ಲ, ಹೊಸದು ಒಳಗೆ ಹೋಗಲ್ಲ. ಸ್ಪ್ಯಾನರ್ ಹಾಕಿ ತಿರುವಿದ್ರೆ ಇಡೀ ಕೊಳವೆನೇ ತಿರುಗ್ತೈತೆ. ತೊಡೆ ಸಂದೀಲಿ ಅಮುಕಿ ಹಿಡಿದು ತಿರುವಿದೆ, ನಾನೇ ತಿರುಗಿದೆ. ಎದುರು ಮನೆ ಕಸ್ತೂರಮ್ಮ ಕಿಟಕೀಲಿ ನೋಡಿ, "ಮೇಷ್ಟ್ರೇ, ಯೋಗಾಸನಾನಾ?" ಅಂದ್ರು. ಹೌದಮ್ಮ, ಬೆನ್ನಿಗೆ ಒಳ್ಳೇದು ಅಂದೆ.

… ಹಾಂ? ಏನಂದೆ? ಗಾಡಿಯಿಂದ ಕೊಳವೆ ತೆಗೆಯೋಕೆ ಮುಂಚೆನೇ ಮುಚ್ಚಳ ಸಡಿಲ ಮಾಡಬೇಕಿತ್ತಾ? ಕ್ಲ್ಯಾಂಪು ಕೊಳವೆನ ಬಿಗಿಯಾಗಿ ಹಿಡ್ಕಂಡಿರ್ತಾವಲ್ಲ, ಆಗಲೇ?

… ಅಯ್ಯೋ. ಹೌದಲ್ಲೋ. ಕೊಳವೆನ ಏನಾದ್ರೂ ಗಟ್ಟಿಯಾಗಿ ಹಿಡಿದ್ರೆ ತಾನೇ ಮುಚ್ಚಳ ತಿರುಗೋದು? ಮೂವತ್ತೊಂದು ವರ್ಷ ಕ್ರಿಯೆ, ಪ್ರತಿಕ್ರಿಯೆ ಅಂತ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಬರೆದೀನಿ. ಆ ಪ್ರತಿಕ್ರಿಯೆ ನನ್ನ ಸೊಂಟಕ್ಕೇ ಬಂದಾಗ ಗುರುತು ಸಿಗಲಿಲ್ಲ ನೋಡು.

… ತಾಳು, ಬರ್ಕಳ್ತೀನಿ. ಕೊಳವೆನ ತಿರುಗಿ ಗಾಡಿಗೆ ಏರಿಸೋದು… ಕೆಳಗಿನ ಕ್ಲ್ಯಾಂಪು ಮಾತ್ರ ಬಿಗಿ… ಮೇಲಿಂದು ಸಡಿಲ ಬಿಡೋದು… ಆಮೇಲೆ ಮುಚ್ಚಳ. ಆತು, ಬರ್ದೆ.

… ಪೆನ್ನಲ್ಲಿ ಅಲ್ಲ, ಪೆನ್ನಿಲ್ಲ ಇಲ್ಲಿ. ಬೆರಳಲ್ಲಿ ಆಯಿಲಿತ್ತು, ಗೋಡೆ ಮೇಲೆ ಬರ್ದೆ.

… ಯಾವ ಗೋಡೆ ಅಂದ್ರೆ… ನಡುಮನೆ ಗೋಡೆ.

… ಹಾಂ, ಗಾಡಿ ನಡುಮನೇಲೇ ಐತೆ. ಕೂಗಬೇಡ. ಮುಂದಿನ ಚಕ್ರ ಇಲ್ಲದ ಗಾಡಿನ ಮೇಲಿಂದ ಏನಾದ್ರೂ ಎತ್ತಿ ಹಿಡೀಬೇಕೋ ಬೇಡ್ವೋ? ವಿಡಿಯೋದೋನಿಗೆ ಕಬ್ಬಿಣದ ಸ್ಟ್ಯಾಂಡ್ ಇತ್ತು. ನಾನು ಮನೆಯೆಲ್ಲ ಹುಡುಕಿದೆ. ತೊಲೇಲಿ ಒಂದು ಕೊಂಡಿ ಐತಲ್ಲ.

… ಹಾಂ, ಅದೇ. ತೊಟ್ಟಿಲ ಕೊಂಡಿ. ನಮ್ಮಪ್ಪನ್ನ ತೂಗಿದ್ದು, ನನ್ನ ತೂಗಿದ್ದು, ನನ್ನ ಮಗಳು ಸಂಧ್ಯಾರಾಣಿನ ತೂಗಿದ್ದು. ಮೂರು ತಲೆಮಾರಿಗೆ ಅಲುಗಿಲ್ಲ, ಇದಕ್ಕೂ ಅಲುಗಲ್ಲ ಅಂತ ಲೆಕ್ಕ ಹಾಕಿ, ದನ ಕಟ್ಟೋ ಹಗ್ಗ ತಂದು ಗಾಡಿ ಹೆಗಲಿಗೆ ಸುತ್ತಿ ಮೇಲಕ್ಕೆ ಎತ್ತಿ ಕಟ್ಟಿದೆ. ಕೊಂಡಿ ಗಟ್ಟಿ ಐತೆ ಗುರುಸ್ವಾಮಿ. ನನ್ನ ತಲೆನೇ ಸ್ವಲ್ಪ ಸಡಿಲ.

… ಹೆಂಗೆ ಒಳಗೆ ತಂದೆ ಅಂದ್ರೆ, ಹೊಸ್ತಿಲಿಗೆ ಹಲಗೆ ಹಾಕಿ, ಎರಡೂ ಕನ್ನಡಿ ಬಿಚ್ಚಿ. ಬೈಯಾಕೆ ಮನೇಲಿ ಯಾರೂ ಇರಲಿಲ್ಲ. ನಮ್ಮನೆಯೋಳು ಸರ್ವಮಂಗಳ ಜಗಳೂರಿಗೆ ಹೋಗಿ ತಿಂಗಳ ಮೇಲಾತು. ಸಂಧ್ಯಾಳ ಹೆರಿಗೆ ನಮ್ಮನೇಲಿ ಆಗಬೇಕಿತ್ತು. ದಿನ ತುಂಬೋಕೆ ಮುಂಚೆನೇ ಗಂಡನ ಊರಲ್ಲೇ ಆತು. ಹೆಣ್ಣು ಮಗು.

… ಆತು, ಸಿಹಿ ಕೊಡಿಸ್ತೀನಿ, ಮೊದ್ಲು ಕೇಳು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಆ ಮಗೂನ ತೊಟ್ಟಿಲಿಗೆ ಹಾಕಿ ಹೆಸರಿಡೋದು, ನಮ್ಮನೇಲಿ. ತೊಟ್ಟಿಲು ಕಟ್ಟೋ ಕೊಂಡೀಲಿ ನನ್ನ ಬೈಕು ನೇತಾಡ್ತೈತೆ. ಸಂಜೆ ನಾಲ್ಕಕ್ಕೆ ಸರ್ವಮಂಗಳ, ಮಗಳು, ಮಗು ಬರ್ತಾರೆ. ಈಗ ಹನ್ನೊಂದೂವರೆ.

… ಹೊರಗೆ ತಳ್ಳು ಅಂದ್ರೆ ಹೆಂಗೆ ತಳ್ಳಲೋ? ಮುಂದೆ ಕಾಲೇ ಇಲ್ಲ ಅದಕ್ಕೆ. ಹೊಸ್ತಿಲು ದಾಟಬೇಕಾದ್ರೆ ಫೋರ್ಕು ಕೂರಬೇಕು. ಫೋರ್ಕು ಕೂರಬೇಕಾದ್ರೆ ನೀನು ಬರಬೇಕು.

… ಬರಲ್ವಾ?

… ಬರ್ತೀಯಾ, ಆದ್ರೆ? ಏನು ಆದ್ರೆ?

… ಸ್ಪೀಕರಿಗೆ ಹಾಕ್ತೀಯಾ? ಈಗ ಎಷ್ಟು ಗಿರಾಕಿ ಅದಾರೆ?… ಐದು. ಆವತ್ತು ಆರು ಇದ್ರು ಅಂದ್ಯಲ್ಲ, ಒಬ್ಬ ಕಮ್ಮಿ… ದುರುಗಕ್ಕ ಸೇರಿದ್ರೆ ಆರಾ? ಸರಿ ಕಣಪ್ಪಾ. ಹದಿನೆಂಟು ತಗಂಡೋನಿಗೆ ಲೆಕ್ಕ ಚೆನ್ನಾಗೇ ಬರ್ತೈತೆ.

… ಇಲ್ಲ ಇಲ್ಲ, ಅದನ್ನ ವಾಪಸ್ ತಗಂಡೆ. ಬಾಯಿ ಚಟ. ತಾಳು, ಗಂಟಲು ಸರಿ ಮಾಡ್ಕಳ್ತೀನಿ.

… ಹಾಂ. ಹೊನ್ನಾಳಿಯ ಮಹಾಜನರೇ, ಕೇಳಿಸ್ತೈತಾ? ನಾನು ವಿರೂಪಾಕ್ಷಪ್ಪ, ರಿಟೈರ್ಡ್ ಸೈನ್ಸ್ ಮೇಷ್ಟ್ರು. ಮೂರು ತಿಂಗಳ ಹಿಂದೆ ಇದೇ ಗ್ಯಾರೇಜಲ್ಲಿ ನಿಂತು ಗುರುಸ್ವಾಮಿಗೆ ಸ್ಪ್ರಿಂಗ್ ಗೊತ್ತಿಲ್ಲ ಅಂದಿದ್ದೆ. ಗೊತ್ತಿಲ್ಲದೋನು ನಾನು. ಅವನಿಗೆ ಗೊತ್ತೈತೆ. ಇವತ್ತು ಅವನು ಪೇಪರ್ ತೆಗೆದ್ರೆ ನನಗೆ ಒಂಬತ್ತೂ ಬರಲ್ಲ. ಇಷ್ಟು ಸಾಕಾ?… ಸಾಕಾಗಲ್ಲ, ನನಗೇ ಸಾಕಾಗ್ತಿಲ್ಲ. ಗುರುಸ್ವಾಮಿ, ಕೇಳಿಲ್ಲಿ. ಆ ಹದಿನೆಂಟನ್ನ ನೀನು ಎಂದೋ ಮರ್ತಿದ್ದೆ. ಮೂವತ್ತು ವರ್ಷ ಜೋಪಾನ ಮಾಡಿ ಇಟ್ಕಂಡು, ನೀನು ದುಡಿದು ತಿನ್ನೋ ಜಾಗಕ್ಕೇ ತಂದು ಹೇಳಿದೋನು ನಾನು. ಮೇಷ್ಟ್ರಾದೋನು ಮಾಡೋ ಕೆಲಸ ಅಲ್ಲ ಅದು. ಆವತ್ತು ಮನೆಗೆ ಬಂದಾಗಿಂದ ನನಗೆ ನಾಚಿಕೆ ಆಗೈತೆ. ತಪ್ಪಾತು ಕಣೋ.

… ಹಲೋ? ಅದೆಂಥದು ಸದ್ದು, ಚಪ್ಪಾಳೆನಾ? ಯಾರು ಹೊಡೆದಿದ್ದು?

… ದುರುಗಕ್ಕನಾ. ಹೊಡೀಲಿ ಬಿಡು.

… ಸ್ಪೀಕರ್ ತೆಗೆದ್ಯಾ? ಯಾಕೋ ದನಿ ಸಣ್ಣಗಾತು ನಿಂದು?… ಹಾಂ. ಹೋಗ್ಲಿ ಬಿಡು. ನೀನೂ ಬಿಡು, ನಾನೂ ಬಿಡ್ತೀನಿ.

… ನೀನು ಹೊರಡೋದರೊಳಗೆ ನಾನೊಂದು ಮುಚ್ಚಳ ಬಿಚ್ಚಿ ನೋಡ್ಲಾ? ಇರು, ಫೋನ್ ಸೀಟಿನ ಮೇಲಿಡ್ತೀನಿ. ಗೋಡೆ ಮೇಲೆ ಬರೆದಂಗೇ ಮಾಡ್ತೀನಿ. ಕೊಳವೆ ಏರಿಸಿದೆ… ಕೆಳಗಿಂದು ಬಿಗಿ… ಮೇಲಿಂದು ಸಡಿಲ… ಈಗ ಸ್ಪ್ಯಾನರು… ಉಸ್… ಬಂತು! ಟಕ್ ಅಂತು ಕಣೋ! ಗುರುಸ್ವಾಮಿ, ಕೇಳಿಸ್ತಾ? ನಾಲ್ಕು ದಿನ ಹೊರಳಾಡಿದ್ದು ನಾಲ್ಕು ಕ್ಷಣಕ್ಕೆ ಬಂತಲ್ಲೋ!

… ಪೂರ್ತಿ ಬಿಚ್ಚಬೇಡ ಅಂತೀಯಾ. ಒಳಗಿನ ಸ್ಪ್ರಿಂಗ್ ಮುಚ್ಚಳಾನ ಮುಖಕ್ಕೆ ಹಾರಿಸ್ತೈತಾ? ಆತು, ಕೈ ತೆಗೆದೆ. ಎರಡು ಹೆಜ್ಜೆ ಹಿಂದೆ ಬೇಕಾದ್ರೂ ಹೋಗ್ತೀನಿ.

… ಹಾಂ, ಹೊಸ ಸ್ಪ್ರಿಂಗು ಪಾರ್ಸೆಲಲ್ಲಿ ಬಂದಾವೆ. ಮುಚ್ಚಳಾನೂ ಹೊಸದು, ಮೇಲಿಂದಲೇ ಬಿಗಿ ಸಡಿಲ ಮಾಡಬಹುದಂತೆ. ತರಿಸೋವಾಗ ಒಂದು ಫಾರಂ ತುಂಬಿಸ್ಕಂಡ್ರು. ಕೂರೋರ ತೂಕ ಎಷ್ಟು ಅಂತ. ತೂಕ ನೋಡಿ ಅದಕ್ಕೆ ತಕ್ಕ ಸ್ಪ್ರಿಂಗ್ ಕಳಿಸ್ತಾರಂತೆ.

… ನನ್ನದಾ? ಎಪ್ಪತ್ತೆಂಟು ಅಂತ ಬರ್ದೆ.

… ಯಾಕೋ ನಗ್ತೀಯಾ? ಇತ್ತು ಕಣೋ ಎಪ್ಪತ್ತೆಂಟು. ಸಂಧ್ಯಾಳ ಮದುವೆಗೆ ಮುಂಚೆ.

… ಹಾಂ, ಹಿಂದೆ ಕೂರೋರದ್ದೂ ಕೇಳಿದ್ರು. ಅರವತ್ತು ಅಂತ ಹಾಕಿದೆ.

… ಯಾರು ಕೂರ್ತಾರೆ ಅಂದ್ರೆ? ಸರ್ವಮಂಗಳ. ಇನ್ಯಾರು ಕೂರ್ತಾರೆ.

… ಕೂರಲ್ಲ. ಅದು ನನಗೂ ಗೊತ್ತೈತೆ. ಒಂದು ವರ್ಷ ನಾಲ್ಕು ತಿಂಗಳಾತು ಅವಳು ಈ ಗಾಡಿ ಹತ್ತಿ.

… ನಿನಗೆ ಹೇಳಿರಲಿಲ್ವಾ? ಹೆಂಗೆ ಹೇಳಲಿ, ಮರ್ಯಾದೆ ಪ್ರಶ್ನೆ. ಗಾಡಿ ತಂದ ಹೊಸದು. ಸಂತೇಬೆನ್ನೂರು ಹೊಂಡ ನೋಡ್ಕಂಡು ಹಂಗೇ ಜಗಳೂರಿಗೆ ಮಗಳ ಮನೆಗೆ ಹೋಗಾಣ ಅಂತ ಇಬ್ರೂ ಹೊರಟ್ವಿ. ಚನ್ನಗಿರಿ ಇನ್ನೊಂದು ಮೈಲಿ ಇರಬೇಕು. ನಾನು ಭಾಷಣ ಮಾಡ್ತಿದ್ದೆ. "ನೋಡು, ತೊಟ್ಟಿಲಲ್ಲಿ ಕೂತಂಗಿಲ್ವಾ?" ಅಂತ. ಆ ಭಾಷಣದಲ್ಲಿ ರಸ್ತೆ ಹಂಪು ಕಾಣಲಿಲ್ಲ. ಬ್ರೇಕ್ ಹಿಡಿದೆ, ಮುಂದೆ ದಬಕ್ಕಂತ ಕುಸೀತು, ಅವಳ ಮುಖ ಬಂದು ನನ್ನ ಹೆಲ್ಮೆಟ್ಟಿಗೆ ಬಡೀತು. ಕನ್ನಡಕ ಎರಡು ತುಂಡು. ಮೂಗಲ್ಲಿ ರಕ್ತ.

… ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ಇಳಿದ್ಲು, ಸೆರಗಲ್ಲಿ ಮೂಗು ಒತ್ಕಂಡು ಚನ್ನಗಿರಿ ಬಸ್‌ಸ್ಟ್ಯಾಂಡಿನವರೆಗೂ ನಡೆದೇ ಹೋದ್ಲು. ನಾನು ಹಿಂದೆ ಗಾಡಿ ತಳ್ಕಂಡು ಹೋದೆ. ಸ್ಟಾರ್ಟ್ ಮಾಡಾಕೆ ಧೈರ್ಯ ಬರಲಿಲ್ಲ. ಬಸ್ ಹತ್ತಿದ್ಲು. ಬಸ್ಸಿನ ಹಿಂದೆ ಹಿಂದೆ ನಾನು. ದಾವಣಗೆರೇಲಿ ಅವಳು ಬಸ್ ಬದಲಾಯಿಸಿದ್ಲು, ನಾನೂ ಬೇರೆ ಬಸ್ಸಿನ ಹಿಂದೆ ಬಿದ್ದೆ. ಆವತ್ತಿಂದ ಎಲ್ಲಿಗೆ ಹೋದ್ರೂ ಹಂಗೇ. ಟೂರಿಂಗ್ ಗಾಡಿ ಅಂತ ತಗಂಡೆ. ಊರೂರು ಬಸ್ಸಿನ ಹೊಗೆ ಕುಡೀತಾ ಟೂರ್ ಮಾಡ್ತೀನಿ.

… ಇಲ್ಲ, ಕ್ಷಮೆ ಕೇಳಲಿಲ್ಲ. "ಆ ಹಂಪಿಗೆ ಬಣ್ಣನೇ ಬಳಿದಿಲ್ಲ" ಅಂದೆ. ರಸ್ತೆ ಮೇಲೆ ಹಾಕಿದೆ ತಪ್ಪನ್ನ. ನಿನಗಾದ್ರೆ ಆರು ಜನರ ಮುಂದೆ ತಪ್ಪಾತು ಅಂದುಬಿಟ್ಟೆ. ಒಬ್ಬಳ ಮುಂದೆ ಅನ್ನೋದು ಅದಕ್ಕಿಂತ ಕಷ್ಟ ಕಣೋ. ಬಾಯಲ್ಲಿ ಹೇಳಾಕೆ ಆಗದೆ ಸ್ಪ್ರಿಂಗ್ ತರಿಸಿದೆ. ಇದನ್ನ ಹಾಕಿ, ನಾಳೆ ಶಾಸ್ತ್ರ ಎಲ್ಲ ಮುಗಿದ ಮೇಲೆ, ಒಂದೇ ಒಂದು ಸಲ ಊರ ಹೊರಗಿನ ಹಂಪಿನವರೆಗೂ ಕೂತು ಬಾ ಅಂತ ಕೇಳಬೇಕು ಅಂದ್ಕಂಡಿದ್ದೆ. ಈಗ ನೋಡಿದ್ರೆ ಮೊಮ್ಮಗಳ ತೊಟ್ಟಿಲಿಗೇ ಜಾಗ ಇಲ್ಲದಂಗೆ ಮಾಡಿಟ್ಟೀನಿ. ಇದನ್ನ ನೋಡಿದ್ರೆ ಗಾಡಿ ಇರಲಿ, ನನ್ನ ಜೊತೆ ಬಸ್ಸಲ್ಲೂ ಕೂರಲ್ಲ ಅವಳು.

… ಸ್ಪ್ಯಾನರ್ ಚೀಲಕ್ಕೆ ಹಾಕೋ ಸದ್ದಲ್ವಾ ಅದು? ಲೈನಲ್ಲಿ ಅದೀಯಾ?

… ಈಗ್ಲೇ ಹೊರಟ್ಯಾ? ಒಂದು ಗಂಟೆಗೆ ಇಲ್ಲಿರ್ತೀಯಾ? ನಿನ್ನ ಹೊಟ್ಟೆ ತಣ್ಣಗಿರಲಿ ಮಾರಾಯ. ಹಗ್ಗ ಮುಟ್ಟಲ್ಲ. ಏನೂ ಮುಟ್ಟಲ್ಲ. ಕೈ ಕಟ್ಕಂಡು ಕೂರ್ತೀನಿ.

… ಆಯಿಲ್ ಅಳತೆಗಾ? ಐತೆ. ಮಗುವಿಗೆ ಹಾಲು ಕುಡಿಸೋ ಬಾಟ್ಲಿ, ಮೈಮೇಲೆ ಅಳತೆ ಗೀರು ಇರ್ತಾವಲ್ಲ, ಅದು. ಹೊಸದೇ ತಂದೆ. ಮೆಡಿಕಲ್ಲಿನೋನು "ಮೊಮ್ಮಗೂಗಾ ಸಾರ್?" ಅಂದ, ಸುಮ್ನೆ ತಲೆಯಾಡಿಸಿದೆ.

… ಮುಚ್ಚಿಡ್ತೀನಿ, ಅವಳಿಗೆ ಕಾಣದಂಗೆ… ಒಂದು ನಿಮಿಷ. ಹೊರಗೆ ಕಾರು ನಿಂತಂಗಾತು. ಕಸ್ತೂರಮ್ಮನ ಮನೆಗಿರಬೇಕು.

… ಇಲ್ಲ ಗುರುಸ್ವಾಮಿ, ಅಳಿಯನ ಕಾರು! ನಾಲ್ಕಕ್ಕೆ ಅಂದಿದ್ರಲ್ಲೋ! ಏನು ಹೊದಿಸ್ಲಿ ಇದರ ಮೇಲೆ? ಜಮಖಾನ ಹೊದಿಸ್ಲಾ?

… ತಡ ಆತು. ಬಂದ್ಲು. ಮಗೂನ ಎತ್ಕಂಡು ಹೊಸ್ತಿಲ ಮೇಲೆ ನಿಂತಾಳೆ. ಕೊಂಡಿ ನೋಡಿದ್ಲು. ಹಗ್ಗ ನೋಡಿದ್ಲು. ಗೋಡೆ ಓದಿದ್ಲು. ಎಲೆ ನೋಡಿದ್ಲು, ಬಾಟ್ಲಿ ನೋಡಿದ್ಲು. ಈಗ ನನ್ನ ನೋಡ್ತಿದಾಳೆ. ಮಗೂನ ಸಂಧ್ಯಾ ಕೈಗೆ ಕೊಟ್ಲು… ಇಲ್ಲ ಕಣೇ, ಇದು… ಬರ್ರಿ ಅಳಿಯಂದ್ರೇ, ಬರ್ರಿ, ಪ್ರಯಾಣ ಸುಖವಾಗಾತಾ?… ಯಾರೂ ಇಲ್ಲ ಫೋನಲ್ಲಿ… ಕೊಡ್ಲಾ?… ತಗಾ.

… ಹಲೋ. ಯಾರು ಮಾತಾಡೋದು?

… ಹಾಂ, ಗುರುಸ್ವಾಮೀನಾ. ನಾನಪ್ಪಾ, ಸರ್ವಮಂಗಳಮ್ಮ. ಈಗ ಬಂದೆ. ಮಗು ಚೆನ್ನಾಗೈತೆ. ಅದರ ಅಜ್ಜನಿಗೇ ಏನೋ ಆಗೈತೆ. ತೊಟ್ಟಿಲು ಕಟ್ಟೋ ಕೊಂಡಿಗೆ ಬೈಕು ನೇತುಹಾಕ್ಯಾರೆ. ನೀನು ಹೇಳಿಕೊಟ್ಯಾ ಇದನ್ನ?

… ನೀನಲ್ಲ. ನನಗೂ ಹಂಗೇ ಅನ್ನಿಸ್ತು.

… ಸ್ಪ್ರಿಂಗಾ? ಯಾರಿಗೆ ಸ್ಪ್ರಿಂಗು?

… ನನಗಾ?

… ಕೇಳಿಸ್ಕಂತಿದೀನಿ. ಹೇಳು.

… ಹಾಂ.

… ಮೂಗಿನ ವಿಷಯಾನೂ ಹೇಳ್ಯಾರಾ. ಬಸ್ಸಿನ ಹಿಂದೆ ಬಂದಿದ್ದು? ನಾನು ನೋಡಲಿಲ್ಲ ಅಂದ್ಕಂಡಾರಾ ಅದನ್ನ? ಆವತ್ತು ಜಗಳೂರಿನವರೆಗೂ ಕತ್ತು ತಿರುಗಿಸಿಕೊಂಡೇ ಕೂತಿದ್ದೆನಪ್ಪಾ, ಎಲ್ಲಿ ಬಿದ್ದು ಗಿದ್ದು ಹೋಗ್ತಾರೋ ಅಂತ. ಮೂಗು ಎರಡು ದಿನಕ್ಕೆ ಮಾದು ಹೋತು. ಕತ್ತು ಎಂಟು ದಿನ ನೋಯ್ತು. ಇವರಿಗೆ ಹೇಳಿಲ್ಲ… ರೀ, ಅಲ್ಲೇ ನಿಂತ್ಕಳ್ರಿ, ಎಲ್ಲಿಗೂ ಹೋಗಬೇಡ್ರಿ.

… ಏನಂದೆ, ನನ್ನ ತೂಕ ಬರೆದು ಕಳಿಸ್ಯಾರಾ? ಎಷ್ಟು ಅಂತ?

… ಅರವತ್ತಾ! ರೀ, ನೀವು ನನ್ನ ಕೊನೇ ಸಲ ಸರಿಯಾಗಿ ನೋಡಿದ್ದು ಯಾವಾಗ? ಮದುವೆ ದಿನಾನಾ?… ಹಾಂ, ಗುರುಸ್ವಾಮಿ. ಇವರದ್ದೆಷ್ಟು ಬರ್ಕಂಡಾರೆ?… ಎಪ್ಪತ್ತೆಂಟು. ಒಳ್ಳೇದಾತು. ಎರಡೂ ಸುಳ್ಳು. ಈಗ ತೂಕಕ್ಕೆ ಸರಿಯಾಗಿ ಮಾಡಾಕೆ ಬರ್ತೈತಾ?

… ಮೇಲಿಂದ ಬಿಗಿ ಮಾಡ್ತೀಯಾ. ಸರಿ, ಬರ್ಕಾ ಹಂಗಾದ್ರೆ. ಇವರದು ತೊಂಬತ್ತೊಂದು. ಬಿಪಿ ತೋರಿಸಾಕೆ ಹೋದಾಗ ತೂಗಿದ್ದು, ನಾನೇ ಮುಳ್ಳು ನೋಡೀನಿ. ನನ್ನದು ಎಪ್ಪತ್ನಾಲ್ಕು.

… ಹೌದಪ್ಪಾ, ನನ್ನದೇ. ಇನ್ಯಾರು ಕೂರ್ತಾರೆ ಇವರ ಹಿಂದೆ? ಎಪ್ಪತ್ನಾಲ್ಕಕ್ಕೆ ತಕ್ಕಂಗೆ ಬಿಗಿ ಮಾಡು, ಇನ್ನೊಂದು ಸಲ ಮೂಗು ಒಡ್ಕಳಾಕೆ ನನಗಾಗಲ್ಲ. ಮೊದ್ಲು ಬಂದು ಕೊಂಡಿ ಬಿಡಿಸಿಕೊಡು, ಮಗೂಗೆ ಬೇಕದು. ಆಮೇಲೆ ಗಾಡಿ… ರೀ, ಯಾಕ್ರೀ ಕಣ್ಣು ಒರೆಸ್ಕಂತೀರಾ, ಕೈಯೆಲ್ಲ ಆಯಿಲೈತೆ… ಇದೇನಿದು, ಫೋನು ಕುಯ್ ಕುಯ್ ಅಂತೈತಲ್ಲ? ಹಲೋ? ಗುರುಸ್ವಾಮಿ, ಕೇಳಿಸ್ತಾ? ಅರವತ್ತಲ್ಲ, ಎಪ್ಪತ್ನಾಲ್ಕು. ಎಪ್ಪತ್ನಾ…